ಅರ್ಧ ಡಬ್ಬಿ ಹಸಿರು

ವಿಷದಕ್ಕನ ಊಟದ ಡಬ್ಬಿಯನ್ನು ಕಾಲೇಜಿನಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಮುಚ್ಚಳದ ಮೇಲೆ ಅವಳೇ ಬರೆದ ಒಂದು ತಲೆಬುರುಡೆ, ಅದರ ಹಲ್ಲಿನ ನಡುವೆ ಒಂದು ಉಮ್ಮತ್ತಿ ಹೂವು. ಒಮ್ಮೆ ಹೊಸದಾಗಿ ಬಂದ ಗುಮಾಸ್ತನೊಬ್ಬ ಧೈರ್ಯ ಮಾಡಿ ನಾಲ್ಕು ತುತ್ತು ಕದ್ದು ತಿಂದ. ಅವಳು ಡಬ್ಬಿ ತೆರೆದು ನೋಡಿದಳು, ಕೂಗಾಡಲಿಲ್ಲ. ಸೀದಾ ಅವನ ಮೇಜಿನ ಹತ್ತಿರ ಹೋಗಿ, ಅವನ ಕಣ್ಣಿನ ರೆಪ್ಪೆ ಎತ್ತಿ ನೋಡಿ, "ಇನ್ನೂ ಟೈಮಿದೆ, ಮನೆಗೆ ಹೋಗಿ ಹೆಂಡ್ತಿ ಮಕ್ಕಳನ್ನ ಒಂದ್ಸಲ ನೋಡ್ಕೊಂಡು ಬಾ" ಅಂದಳು. ಪುಣ್ಯಾತ್ಮ ಎರಡು ದಿನ ರಜೆ ಹಾಕಿದ.

ಹಳೆಯ ವೈದ್ಯಕೀಯ ಕಾಲೇಜಿನ ಚಿತ್ರ ವಿಭಾಗದಲ್ಲಿ ಮೂವತ್ತೊಂದು ವರ್ಷದಿಂದ ಅವಳದು ಒಂದೇ ಕೆಲಸ. ವಿಷದ ಗಿಡ, ವಿಷದ ಅಣಬೆ, ಹಾವು, ಚೇಳು, ಕಪ್ಪೆಗಳ ಆಳೆತ್ತರದ ಪಟ ಬರೆಯುವುದು. ಆಸ್ಪತ್ರೆಗಳ ಗೋಡೆಗೆ, ಶಾಲೆಗಳ ಗೋಡೆಗೆ ಅವು ಹೋಗುತ್ತಿದ್ದವು. ಅವಳ ಪಟ ನೋಡಿ ಯಾವ ಹಾವು ಕಚ್ಚಿತು ಎಂದು ಬೆರಳಿಟ್ಟು ತೋರಿಸಿ ಬದುಕಿಕೊಂಡವರಿದ್ದಾರೆ. ಅವರಲ್ಲಿ ಒಬ್ಬರೂ ಇವಳ ಮುಖ ಕಂಡವರಲ್ಲ.

ಪಟಗಳಿಗೆಲ್ಲ ತಾಯಿಬೇರು ಒಂದು ಹಳೆಯ ಚಿತ್ರಪುಸ್ತಕ. ಇನ್ನೂರು ವರ್ಷದ ಹಿಂದೆ ಯಾರೋ ಕೈಯಲ್ಲಿ ಬರೆದದ್ದು, ನೂರಾ ಹನ್ನೆರಡು ಹಾಳೆ. ಬರೆಸಿದ ದೊರೆಯ ಹೆಸರು ಮೊದಲ ಹಾಳೆಯಲ್ಲಿ ಚಿನ್ನದ ನೀರಿನಲ್ಲಿದೆ, ಬರೆದವನ ಹೆಸರು ಎಲ್ಲೂ ಇಲ್ಲ. ದುಡಿದವರ ಹೆಸರು ಯಾವ ಕಾಲದಲ್ಲಿ ತಾನೆ ಬರೆದಿದ್ದಾರೆ? ಆದರೆ ಆಸಾಮಿ ಸುಮ್ಮನಿದ್ದವನಲ್ಲ. ಉಮ್ಮತ್ತಿ ಗಿಡದ ಬುಡದಲ್ಲಿ ಎಲೆ ತಿಂದು ಮಾಲುಗಣ್ಣು ಬಿಟ್ಟುಕೊಂಡ ಒಂದು ಮೇಕೆ ಬರೆದಿದ್ದ. ಕಣಗಿಲೆಯ ಹಾಳೆಯಲ್ಲಿ ಬೇರಿನ ರುಚಿ ನೋಡಲು ಹೋದ ವೈದ್ಯ ಅಂಗಾತ ಬಿದ್ದಿದ್ದ, ಪೇಟ ಒಂದು ಕಡೆ, ಚಪ್ಪಲಿ ಒಂದು ಕಡೆ.

ವಿಷದಕ್ಕನ ಜೀವ ಇದ್ದದ್ದು ಕೊನೆಯ ಹಾಳೆಯಲ್ಲಿ. ಅಲ್ಲಿ ಗಿಡವೂ ಇಲ್ಲ, ಹಾವೂ ಇಲ್ಲ. ರಾಜ ದಿಂಬಿಗೊರಗಿ ಕೂತಿದ್ದಾನೆ. ಅವನ ಮುಂದೆ ಒಬ್ಬ ಬಡಕಲು ಮನುಷ್ಯ ತುತ್ತು ಎತ್ತಿ ಹಿಡಿದಿದ್ದಾನೆ. ರಾಜನಿಗಿಂತ ಮುಂಚೆ ರಾಜನ ಊಟ ತಿಂದು, ಸತ್ತರೆ ಸಾಯುವುದು ಅವನ ನೌಕರಿ. ರಾಜ ತಟ್ಟೆ ನೋಡುತ್ತಿಲ್ಲ, ಇವನ ಗಂಟಲು ನೋಡುತ್ತಿದ್ದಾನೆ. ಬಡಕಲು ಮನುಷ್ಯನ ಕಣ್ಣು ಮಾತ್ರ ನಮ್ಮ ಕಡೆ. "ನೋಡಿದ್ರಾ ಇವನ ದೌಲತ್ತು?" ಎಂದು ಕೇಳುವ ಹಾಗೆ. "ಇಡೀ ಪುಸ್ತಕದಲ್ಲಿ ಗೇಯೋನು ಇವನೊಬ್ಬನೇ ಕಣೋ" ಎಂದು ಅವಳು ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರನಿಗೆ ಸಾವಿರ ಸಲ ಹೇಳಿದ್ದಳು.

ಈ ಪುಸ್ತಕಕ್ಕೆ ಒಂದು ಜೋಡಿ ಇತ್ತು. ಅವಳಿಗಿಂತ ಮೊದಲು ಅದೇ ಕುರ್ಚಿಯಲ್ಲಿ ಕೂತಿದ್ದ, ಅವಳಿಗೆ ಕುಂಚ ಹಿಡಿಯಲು ಕಲಿಸಿದ ಸೋದರಮಾವ ಒಂಬತ್ತು ವರ್ಷ ಕೂತು ಇಡೀ ಪುಸ್ತಕವನ್ನು ನಕಲು ಮಾಡಿದ್ದ. ದಿನಾ ಕೈಯಾಡಿದರೆ ಅಸಲು ಹಾಳಾಗುತ್ತದೆ ಎಂದು ನಕಲನ್ನು ನೋಡಿಯೇ ಪಟ ಬರೆಯುವುದು ರೂಢಿ. ಮಾವನ ಕಾಯಿದೆ ಒಂದೇ: ಗೊತ್ತಿದ್ದದ್ದನ್ನು ಬರೆಯಬೇಡ, ಕಂಡದ್ದನ್ನು ಬರಿ. ಅಸಲಿನಲ್ಲಿ ಹುಳ ತಿಂದ ತೂತಿದ್ದರೆ ನಕಲಿನಲ್ಲೂ ತೂತು ಇರಬೇಕು. ಕೊರೆಯುವ ಹಾಗಿಲ್ಲ, ಕಪ್ಪು ಕಂದು ಬಣ್ಣದಲ್ಲಿ ಬರೆಯಬೇಕು, ಕಂಡವನು ಬೆರಳು ತೂರಿಸಲು ಹೋಗಬೇಕು. ಕುಂಚದ ತುದಿ ಚೂಪು ಮಾಡಲು ಮಾವ ಅದನ್ನು ನಾಲಿಗೆಗೆ ಇಟ್ಟುಕೊಳ್ಳುತ್ತಿದ್ದ. ಹಸಿರಿಗೆ ಮಾತ್ರ ಬೇರೆ ಕುಂಚ, ಅದರ ಹಿಡಿಗೆ ಕೆಂಪು ದಾರ. "ಇದು ಬಾಯಿಗೆ ಹೋಯ್ತೋ, ಕೈ ಮುರೀತೀನಿ" ಅನ್ನುತ್ತಿದ್ದ. ಮುದುಕನ ಶೋಕಿ ಎಂದುಕೊಂಡು ಅವಳು ಯಾಕೆ ಎಂದು ಕೇಳಿರಲಿಲ್ಲ.

ಆ ಮಂಗಳವಾರ ದೊಡ್ಡ ಸಾಹೇಬರು ಕರೆಸಿದರು. ಬಂದು ನಾಲ್ಕು ತಿಂಗಳಾಗಿತ್ತು, ಶುಚಿಯ ಹುಚ್ಚು. ಬಾಗಿಲ ಹಿಡಿಯನ್ನು ಕರವಸ್ತ್ರ ಸುತ್ತಿ ತಿರುಗಿಸುವ ಗಿರಾಕಿ. ಅವರಿಗೆ ತಮ್ಮ ಕೋಣೆಯ ಮೇಲೆ ಮಾತ್ರ ಬಲು ಹೆಮ್ಮೆ. ಎತ್ತರದ ಗೋಡೆಗಳು, ಎಳೆ ಎಲೆಯ ಹಸಿರು, ಎಷ್ಟು ವರ್ಷವಾದರೂ ಮಾಸದ ಬಣ್ಣ.

"ನೋಡಿ, ಇಡೀ ಕಟ್ಟಡದಲ್ಲಿ ಜಿರಳೆ. ನನ್ನ ರೂಮಲ್ಲಿ ಒಂದು ಇರುವೆ ಸುಳಿಯಲ್ಲ. ಯಾಕೆ? ಕ್ಲೀನ್ ಇಟ್ಕೊಂಡಿದ್ದೀನಿ" ಅಂದರು. ಆಮೇಲೆ ಮೇಜಿನ ಮೇಲಿನ ಸುತ್ತೋಲೆಯನ್ನು ಅವಳ ಕಡೆ ತಳ್ಳಿದರು. ಹಳೆಯ ಚಿತ್ರಗಳ ಹಸಿರು ಬಣ್ಣದಲ್ಲಿ ಪಾಷಾಣ ಇರುತ್ತದೆ, ಹುಷಾರು, ಎಂದು ಮೇಲಿನಿಂದ ಬಂದಿತ್ತು. "ನಿಮ್ಮ ಪುಸ್ತಕಾನ ಲ್ಯಾಬಿನ ಹುಡುಗಿ ಹತ್ರ ಟೆಸ್ಟ್ ಮಾಡಿಸ್ದೆ. ಬರೀ ಪಾಷಾಣ! ಶುಕ್ರವಾರ ಆಸ್ಪತ್ರೆ ಕಸದ ಜೊತೆ ಸುಟ್ಟುಬಿಡಿ. ಹೇಗೂ ಕಾಪಿ ಇದ್ಯಲ್ಲ."

"ಸಾಹೇಬ್ರೆ, ಮೂವತ್ತೊಂದು ವರ್ಷದಿಂದ ಅದರ ಜೊತೇಲಿದ್ದೀನಿ. ಸತ್ತಿದ್ದೀನಾ?"

"ಬದುಕಿದ್ದೀರಿ ಅನ್ನೋದಕ್ಕೂ ಸರ್ಟಿಫಿಕೇಟ್ ಬೇಕಲ್ಲಮ್ಮ" ಎಂದು ಅವರು ತಮ್ಮ ಜೋಕಿಗೆ ತಾವೇ ನಕ್ಕರು.

ವಿಷದಕ್ಕ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಹೊರಗೆ ಬಂದಳು. ಕಾರಿಡಾರಿನ ತಿರುವು ದಾಟುವುದರೊಳಗೆ ಆ ಮುಖ ಹೋಗಿ ಬೇರೆ ಮುಖ ಬಂದಿತ್ತು.

ಸೀದಾ ಬೈಂಡರನ ಹತ್ತಿರ ಹೋದಳು. ಇಪ್ಪತ್ತು ವರ್ಷದಿಂದ ಅವಳ ಜೊತೆ ಜಗಳವಾಡಿಕೊಂಡೇ ಬಂದ ಏಕೈಕ ಸ್ನೇಹಿತ ಅವನು. ಹಿಂದೊಮ್ಮೆ ಎರಡೂ ಪುಸ್ತಕಗಳಿಗೆ ಒಂದೇ ಕಂದು ಬಟ್ಟೆಯ ರಟ್ಟು ಕಟ್ಟಿದವನು ಅವನೇ. ಅಂದು ಬಟ್ಟೆ ಉಳಿಸಿದನೆಂದು ಬೈದಿದ್ದಳು. ಇಂದು ಅವನ ಬೆನ್ನು ತಟ್ಟಿದಳು.

"ನಕಲನ್ನ ಒಲೆಗೆ ಕೊಡ್ತೀನಿ. ಅಸಲು ಕಪಾಟಲ್ಲೇ ಇರ್ಲಿ."

"ಅಕ್ಕಾ, ನಿನ್ನ ಮಾವ ಒಂಬತ್ತು ವರ್ಷ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಬರೆದದ್ದು ಅದು."

"ಗೊತ್ತಪ್ಪ. ಮಾವ ಇದ್ದಿದ್ರೆ ಅವನೇ ಕೊಡ್ತಿದ್ದ. ಬೈಕೊಂಡು ಕೊಡ್ತಿದ್ದ."

"ಸಿಕ್ಕಿಬಿದ್ರೆ?"

"ಸಿಕ್ಕಿಬಿದ್ರೆ ನೀನೇ ರಟ್ಟು ಬದಲಾಯಿಸ್ದೆ ಅಂತೀನಿ."

"ಹಾಳಾಗಿ ಹೋಗು."

ಶುಕ್ರವಾರ ಮಧ್ಯಾಹ್ನ, ಆಸ್ಪತ್ರೆಯ ಹಿಂಭಾಗ. ಇಟ್ಟಿಗೆಯ ದೊಡ್ಡ ಒಲೆ, ಪಕ್ಕದಲ್ಲಿ ಬ್ಯಾಂಡೇಜು, ಹತ್ತಿಯ ಮೂಟೆಗಳು. ಆಚೆ ಮರದ ಕೆಳಗೆ ರೋಗಿಗಳ ಕಡೆಯವರು ಚೀಲಗಳ ಮೇಲೆ ತಲೆಯಿಟ್ಟು ಮಲಗಿದ್ದರು. ಒಲೆ ನೋಡಿಕೊಳ್ಳುವ ಮುದುಕ ಮೂಗಿಗೆ ಟವೆಲು ಕಟ್ಟಿಕೊಂಡು, ಕಬ್ಬಿಣದ ಸಲಾಕೆ ಹಿಡಿದು ಕಾಯುತ್ತಿದ್ದ. ವಿಷದಕ್ಕ ಪುಸ್ತಕವನ್ನು ಎದೆಗವಚಿಕೊಂಡು ಬಂದಳು. ಕಣ್ಣಂಚು ಒರೆಸಿಕೊಂಡಳು ಕೂಡ. ನಾಟಕ ಪೂರ್ತಿ ಇರಬೇಕಲ್ಲ.

ಸಾಹೇಬರು ಮಾರು ದೂರದಲ್ಲಿ ನಿಂತಿದ್ದರು, ಜೊತೆಯಲ್ಲಿ ಲ್ಯಾಬಿನ ಹುಡುಗಿ. "ಸುಡೋಕೆ ಮುಂಚೆ ಇನ್ನೊಂದ್ಸಲ ಟೆಸ್ಟ್ ಆಗ್ಲಿ. ಯಾರನ್ನೂ ನಂಬೋ ಕಾಲ ಅಲ್ಲ ಇದು" ಅಂದರು.

ವಿಷದಕ್ಕ ಪುಸ್ತಕವನ್ನು ಇನ್ನೂ ಬಿಗಿಯಾಗಿ ಅವಚಿಕೊಂಡಳು. ನಕಲಿನಲ್ಲಿ ಪಾಷಾಣ ಎಲ್ಲಿಂದ ಬರಬೇಕು? ಈಗ ಗುಟ್ಟು ರಟ್ಟು, ಅಸಲು ಒಲೆಗೆ. ಬೈಂಡರ್ ಆಗಲೇ ಎರಡು ಹೆಜ್ಜೆ ಹಿಂದೆ ಸರಿದು ತನಗೂ ಇದಕ್ಕೂ ಸಂಬಂಧವಿಲ್ಲದವನ ಹಾಗೆ ಆಕಾಶ ನೋಡುತ್ತಿದ್ದ.

ಹುಡುಗಿ ಪುಸ್ತಕ ತೆಗೆದುಕೊಂಡು, ಚಿತ್ರದ ಒಂದು ಎಲೆಯಿಂದ ಸಾಸಿವೆಯಷ್ಟು ಹಸಿರು ಕೆರೆದು ಪುಟ್ಟ ಸೀಸೆಗೆ ಹಾಕಿದಳು, ಬಾಯಿಗೆ ಕಾಗದದ ಪಟ್ಟಿ ಮುಚ್ಚಿದಳು. ಪಟ್ಟಿ ಬಿಳಿಯಾಗೇ ಉಳಿದರೆ ಪಾಷಾಣ ಇಲ್ಲ. ಎಲ್ಲರೂ ಪಟ್ಟಿಯನ್ನೇ ನೋಡುತ್ತಾ ನಿಂತರು. ಅದು ಹಳದಿಯಾಯಿತು. ನೋಡುತ್ತಿದ್ದಂತೆ ಕಂದು ಬಣ್ಣಕ್ಕೆ ತಿರುಗಿತು.

"ಪಾಷಾಣವೇ ಸರ್. ಭರ್ಜರಿ ಇದೆ."

ಈಗ ವಿಷದಕ್ಕ ನಿಜವಾಗಿ ಬೆವತಳು. ಹಾಗಾದರೆ ಅದಲು ಬದಲಾಯಿತೆ? ಅಸಲನ್ನೇ ಹೊತ್ತು ತಂದೆನೆ? "ಒಂದೇ ಒಂದ್ಸಲ ನೋಡ್ತೀನಿ ಸಾಹೇಬ್ರೆ" ಎಂದು ಕಿತ್ತುಕೊಂಡು ಚೇಳಿನ ಹಾಳೆ ತೆರೆದಳು. ಚೇಳಿನ ಕೊಂಡಿಯ ಬಳಿ ಹುಳ ತಿಂದ ತೂತು. ಸೆರಗಿನ ಪಿನ್ನು ತೆಗೆದು ಚುಚ್ಚಿದಳು. ಪಿನ್ನು ಹೋಗಲಿಲ್ಲ. ತೂತಲ್ಲ, ಬಣ್ಣ. ಮಾವನ ಕೈಯದು, ನಕಲೇ.

ಕೆಂಪು ದಾರದ ಕುಂಚ ನೆನಪಾಯಿತು. ಕಂಡದ್ದನ್ನೇ ಬರೆಯಬೇಕೆಂದ ಮುದುಕ ತೂತನ್ನೂ ಬಿಟ್ಟಿರಲಿಲ್ಲ, ವಿಷವನ್ನೂ ಬಿಟ್ಟಿರಲಿಲ್ಲ! ಉಗ್ರಾಣದ ಮೂಲೆಯಲ್ಲಿದ್ದ ಹಳೆಯ ದೊಡ್ಡ ಡಬ್ಬಿಯಿಂದ ಅದೇ ಹಸಿರು ತೆಗೆದು ಹಚ್ಚಿದ್ದ. ಗೊತ್ತಿದ್ದೇ ಹಚ್ಚಿದ್ದ. "ನಿನ್ ಹಠಕ್ಕೆ ಬೆಂಕಿ ಹಾಕ" ಎಂದು ಅವಳು ಮನಸ್ಸಿನಲ್ಲೇ ಬೈದಳು, ನಗು ತಡೆಯಲು ತುಟಿ ಕಚ್ಚಿದಳು.

ಗೆದ್ದಾಯಿತು. ಸಾಹೇಬರಿಗೆ ಸಮಾಧಾನ, ಅಸಲು ಕಪಾಟಿನಲ್ಲಿ ಭದ್ರ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಮುದುಕ ಬಂದು ಪುಸ್ತಕಕ್ಕೆ ಕೈಯೊಡ್ಡಿದ. ಟವೆಲಿನ ಮೇಲೆ ಅವನ ಎರಡು ಕಣ್ಣು ಅವಳ ಕಡೆ. ಸಾಹೇಬರು ಇನ್ನೂ ನಾಲ್ಕು ಹೆಜ್ಜೆ ಹಿಂದೆ ಸರಿದು, ಕರವಸ್ತ್ರ ಮೂಗಿಗೆ ಹಿಡಿದು, ಅಲ್ಲಿಂದ ಮುದುಕನನ್ನೇ ನೋಡುತ್ತಿದ್ದರು. ಈ ಚಿತ್ರವನ್ನು ಅವಳು ಎಲ್ಲೋ ನೋಡಿದ್ದಳು. ಮೂವತ್ತೊಂದು ವರ್ಷ ನೋಡಿದ್ದಳು.

ಪುಸ್ತಕ ಅವಳ ಕೈ ಬಿಡಲಿಲ್ಲ.

"ಲೇ ಹುಡುಗಿ, ಇದನ್ನ ಸುಟ್ರೆ ವಿಷ ಎಲ್ಲಿ ಹೋಗುತ್ತಮ್ಮ?"

"ಹೊಗೇಲಿ" ಅಂದಳು ಹುಡುಗಿ. "ಸುಡಬಾರದು ಅಂತ ಸುತ್ತೋಲೇಲೇ ಇದೆ. ಎರಡನೇ ಪುಟದಲ್ಲಿ. ನಾನು ಸರ್‌ಗೆ ಹೇಳೋಕೆ ಬಂದೆ, ಅವರು ಮೀಟಿಂಗಲ್ಲಿದ್ರು."

"ಎರಡನೇ ಪುಟ ಇದ್ಯಾ?" ಅಂದರು ಸಾಹೇಬರು.

"ಬಿಡಕ್ಕ, ಇಲ್ಲಿ ಏನೇನೋ ಸುಟ್ಟಿದ್ದೀನಿ, ಏನೂ ಆಗಿಲ್ಲ" ಎಂದ ಮುದುಕ ಕೆಮ್ಮುತ್ತಾ.

"ಸುಮ್ನಿರು ಮಾರಾಯ. ಇದನ್ನ ಯಾರಾದ್ರೂ ಸುಡಲೇಬೇಕು ಅಂದ್ರೆ ಸಾಹೇಬ್ರು ಬಂದು ಸಲಾಕೆ ಹಿಡೀಲಿ." ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಇದು ನಕಲು, ಅಸಲು ಕಪಾಟಿನಲ್ಲಿದೆ, ಮೋಸ ಮಾಡಿದ್ದು ತಾನೇ, ಎರಡರಲ್ಲೂ ಅದೇ ಪಾಷಾಣದ ಹಸಿರು, ನಕಲಿಗೆ ಮಾವ ಉಗ್ರಾಣದ ಡಬ್ಬಿಯಿಂದ ತೆಗೆದದ್ದು. ಬೈಂಡರನ ಹೆಸರು ಎತ್ತಲಿಲ್ಲ. ಅವನು ಆಕಾಶ ನೋಡುವುದನ್ನು ಬಿಟ್ಟು ಬಂದು ಅವಳ ಪಕ್ಕ ನಿಂತ. "ರಟ್ಟು ನಂದು" ಅಂದ, ಯಾರೂ ಕೇಳದೆ ಇದ್ದರೂ.

ಸಾಹೇಬರ ಮುಖ ಕೆಂಡವಾಯಿತು. "ಸಸ್ಪೆಂಡ್ ಮಾಡ್ತೀನಿ! ಸುಡೋದು ಬೇಡ ಅಂದ್ರೆ ಎರಡನ್ನೂ ಗುಂಡಿ ತೋಡಿ ಹೂಳಿಸ್ತೀನಿ. ಆ ಹಸಿರು ಇರೋ ಒಂದು ಚೂರೂ ಈ ಕಾಂಪೌಂಡಲ್ಲಿ ಉಳೀಬಾರ್ದು!"

"ಒಂದು ಚೂರೂ?"

"ಒಂದು ಚೂರೂ!"

ವಿಷದಕ್ಕ ತಲೆ ಕೆರೆದುಕೊಂಡಳು. "ಹಂಗಾದ್ರೆ ತೊಂದ್ರೆ ಸಾಹೇಬ್ರೆ. ಡಬ್ಬಿ ಪೂರ್ತಿ ಖರ್ಚಾಗಿರ್ಲಿಲ್ಲ, ಅರ್ಧ ಉಳಿದಿತ್ತು. ಆಗಿನ ಸಾಹೇಬ್ರು ಚಿತ್ರ ನೋಡಿ, ಎಂಥಾ ಬಣ್ಣ, ನನ್ನ ಗೋಡೆಗೂ ಹಚ್ಚು ಅಂದ್ರಂತೆ. ನಮ್ಮ ಮಾವ ಬೇಡ ಅಂತ ಎರಡ್ಸಲ ಹೇಳಿದ್ನಂತೆ. ಮೂರನೇ ಸಲ ಹೇಳಿಲ್ಲ. ಅವನಿಗೆ ಆ ಸಾಹೇಬ್ರನ್ನ ಕಂಡ್ರೆ ಅಷ್ಟಕ್ಕಷ್ಟೆ."

ಎಲ್ಲರ ಕಣ್ಣೂ ಸಾಹೇಬರ ಕೋಣೆಯ ಕಡೆ ತಿರುಗಿತು.

"ಅದಕ್ಕೇ ಇರುವೆ ಸುಳಿಯಲ್ಲ" ಎಂದು ಬೈಂಡರ್ ಮೆಲ್ಲಗೆ ಸೇರಿಸಿದ.

ಹುಡುಗಿ ಸೀಸೆ ತೊಳೆದುಕೊಂಡು ಮುಂದೆ ನಡೆದಳು, ಉಳಿದವರು ಮೆರವಣಿಗೆ ಹೊರಟ ಹಾಗೆ ಹಿಂದೆ. ಸಾಹೇಬರ ಕುರ್ಚಿಯ ಹಿಂದಿನ ಗೋಡೆಯಿಂದ, ಹದಿನಾರು ವಾರ ಅವರು ತಲೆ ಒರಗಿಸಿಕೊಂಡಿದ್ದ ಜಾಗದಿಂದ, ಒಂದು ಚಿಟಿಕೆ ಕೆರೆದಳು. ಈ ಸಲ ಪಟ್ಟಿ ಹಳದಿಯಲ್ಲಿ ನಿಲ್ಲಲೇ ಇಲ್ಲ, ಸೀದಾ ಕಪ್ಪಿಗೆ ಹೋಯಿತು. ಸಾಹೇಬರು ಕರವಸ್ತ್ರವನ್ನು ಮೂಗಿಗೆ ಹಿಡಿದರು. ಹಿಡಿದು, ಅದನ್ನು ನಾಲ್ಕು ತಿಂಗಳಿಂದ ಒಣಗಲು ಹಾಕುತ್ತಿದ್ದುದು ಅದೇ ಗೋಡೆಯ ಮೊಳೆಗೆ ಎಂದು ನೆನಪಾಗಿ ದೂರ ಎಸೆದರು.

ಎರಡನೇ ಪುಟವನ್ನು ಹುಡುಗಿಯೇ ಗಟ್ಟಿಯಾಗಿ ಓದಿದಳು. ಪುಸ್ತಕ, ಚಿತ್ರಗಳನ್ನು ಸುಡಬಾರದು, ಹೂಳಬಾರದು. ಗಾಜಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಡುವುದು, ಕೈಗವಸಿಲ್ಲದೆ ಮುಟ್ಟದಿರುವುದು. ಗೋಡೆಗಳಾಗಿದ್ದರೆ, ಕೋಣೆಯನ್ನು ತಕ್ಷಣ ಖಾಲಿ ಮಾಡಿ ಮುಚ್ಚುವುದು.

ಹಸಿರು ಕೋಣೆಗೆ ಬೀಗ ಬಿತ್ತು. ವಿಷದಕ್ಕನ ರಕ್ತ ಪರೀಕ್ಷೆಯಾಯಿತು, ಸಾಹೇಬರದೂ ಆಯಿತು. ಅವಳದು ಪರವಾಗಿಲ್ಲ, ಅವರದು ಸ್ವಲ್ಪ ಮೇಲೆ. ಕೆಂಪು ದಾರಕ್ಕೆ ಅವಳು ಮನಸ್ಸಿನಲ್ಲೇ ಕೈಮುಗಿದಳು. ಅಸಲು ಗಾಜಿನ ಪೆಟ್ಟಿಗೆ ಸೇರಿತು, ನಕಲು ಇನ್ನೊಂದಕ್ಕೆ. ಪೆಟ್ಟಿಗೆಯ ಬೀಗದ ಕೈ ಅವಳ ಸೊಂಟದಲ್ಲಿ. ಸಸ್ಪೆನ್ಷನ್ ಆದೇಶ ಟೈಪಾಗಿತ್ತು. ಕಾರಣದ ಜಾಗದಲ್ಲಿ ಏನು ಬರೆದರೂ ಕೊನೆಗೆ ಎರಡನೇ ಪುಟ ಓದದವರ ಹೆಸರೂ ಬರುತ್ತಿತ್ತು. ಹಾಗಾಗಿ ಅದಕ್ಕೆ ಸಹಿ ಬೀಳಲಿಲ್ಲ.

ಇಡೀ ಕಟ್ಟಡದಲ್ಲಿ ಇನ್ನೊಂದು ಮೇಜು ಹಿಡಿಸುವಷ್ಟು ಖಾಲಿ ಇದ್ದದ್ದು ಚಿತ್ರ ವಿಭಾಗ ಒಂದೇ. ಸಾಹೇಬರ ಮೇಜು ಅಲ್ಲಿಗೆ ಬಂತು, ಗಾಜಿನ ಪೆಟ್ಟಿಗೆಯ ನೇರ ಎದುರಿಗೆ. ವಾರಕ್ಕೊಮ್ಮೆ ಕೈಗವಸು ತೊಟ್ಟು ಹಾಳೆ ತಿರುವುವುದು ವಿಷದಕ್ಕನ ಹೊಸ ಕೆಲಸ. ಮೊದಲ ವಾರಕ್ಕೆ ಯಾವ ಹಾಳೆ ಎಂದು ಅವಳು ಯಾರನ್ನೂ ಕೇಳಲಿಲ್ಲ.

ಚಹಾ ಬಂತು, ಎರಡು ಲೋಟ. ಸಾಹೇಬರು ಲೋಟ ಎತ್ತಿದವರು ತಲೆಯೆತ್ತಿ ನೋಡಿದರು. ಗಾಜಿನ ಹಿಂದಿನಿಂದ ಬಡಕಲು ಮನುಷ್ಯ ತುತ್ತು ಎತ್ತಿ ಹಿಡಿದು ಅವರನ್ನೇ ನೋಡುತ್ತಿದ್ದ. ಜಿರಳೆಯೊಂದು ಆರಾಮಾಗಿ ಮೇಜಿನ ಕಾಲಿನ ಪಕ್ಕ ಹಾದುಹೋಯಿತು. ಸಾಹೇಬರು ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, "ನೀವು ಮೊದಲು ಕುಡೀರಮ್ಮ" ಅಂದರು.

"ಅಯ್ಯೋ, ಆ ನೌಕರಿ ನಂದಲ್ಲ" ಎಂದಳು ವಿಷದಕ್ಕ, ಕುಂಚ ಅದ್ದುತ್ತಾ. "ಆರೋಗುತ್ತೆ, ಕುಡೀರಿ ಸಾಹೇಬ್ರೆ."