ಹಬೆಗೆ ಬಂದ ಅಪವಾದ

ಮೊನ್ನೆ ಬೆಳಿಗ್ಗೆ ಅಂಕೋಲೆಯ ನಮ್ಮ ಮನೆಗೆ ಯಾರೋ ಬಿಸಿಬಿಸಿ ಖೊಟ್ಟೆ ಕಳಿಸಿದ್ದರು. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಬೆಂದ ಹಲಸಿನೆಲೆಯ ವಾಸನೆ ಮೂಗಿಗೆ ಬಡಿಯಿತು. ನಾನು ನಿಂತಲ್ಲೇ ಬಿಣಗಾದ ಹಳೆಯ ಮನೆಯ ಹಿತ್ತಲಿಗೆ ಹೋಗಿಬಿಟ್ಟೆ. ಎದುರಿಗೆ ಪಕ್ಕದ ಮನೆಯ ಮಾವಶಿ, ಬಾಯಿ ತುಂಬ ಬೈಗುಳ...

ಮಾವಶಿ ಎಂದರೆ ಚಿಕ್ಕಮ್ಮ, ಆದರೆ ಅವರು ನಮಗೆ ಸಂಬಂಧವೇನಲ್ಲ, ಬೇಲಿಯಾಚೆಯವರು. ಮನೆಯಲ್ಲಿ ಕೊಂಕಣಿ, ನಮ್ಮ ಹತ್ತಿರ ಕನ್ನಡ, ಬೈಯುವಾಗ ಎರಡೂ. ಅಷ್ಟಮಿ, ಚೌತಿ ಬಂತೆಂದರೆ ಇಡೀ ಓಣಿಗೆ ಅವರದೇ ಖೊಟ್ಟೆ. ನಾಲ್ಕು ಹಲಸಿನೆಲೆಯನ್ನು ತೆಂಗಿನ ಗರಿಯ ಕಡ್ಡಿಯಿಂದ ಚುಚ್ಚಿ ದೊನ್ನೆ ಕಟ್ಟಿ, ಇಡ್ಲಿ ಹಿಟ್ಟು ಹೊಯ್ದು, ಹಬೆಗೆ ಇಡುತ್ತಿದ್ದರು. ಮಾತಾಡುತ್ತ ಮಾತಾಡುತ್ತಲೇ ಒಂದು ಬುಟ್ಟಿ ದೊನ್ನೆ ಕಟ್ಟಿ ಮುಗಿಸುವ ಕೈ ಅದು.

ನಾನು ಮೊದಲ ಸಲ ಕಟ್ಟಿದಾಗ ಎಲೆಯ ಮಿರುಗುವ ಮೈಯನ್ನು ಹೊರಗಿಟ್ಟಿದ್ದೆ, ಚೆಂದ ಕಾಣಲಿ ಎಂದು.

"ಮಳ್ಳೀ! ಚಂದ ಯಾರಿಗೆ ತೋರ್ಸೂಕೆ? ಮಿರುಗೂ ಮೈ ಒಳ್ಗೆ, ಒರಟು ಮೈ ಹೊರ್ಗೆ. ಕಡ್ಡಿ ಬಿಗಿ ಹಾಕು. ಇಲ್ಲಾಂದ್ರೆ ಹಿಟ್ಟೆಲ್ಲ ಸೋರಿ ಹೋಗ್ತದೆ ನೋಡು," ಎಂದು ನನ್ನ ದೊನ್ನೆಯನ್ನು ಬಿಚ್ಚಿ ಕೈಗೇ ಕೊಟ್ಟರು. ಮೂರನೆಯ ಸಲಕ್ಕೆ ಪಾಸಾದೆ.

ನಾನು ಪಿಯುಸಿ ಸಾಯನ್ಸ್ ಸೇರಿದ ವರ್ಷ ಮಾವಶಿಗೆ ಪಕ್ಕೆ ನೋವು ಶುರುವಾಯಿತು. ಕಾರವಾರದಲ್ಲಿ ಸ್ಕ್ಯಾನ್ ಮಾಡಿಸಿದರೆ ಎರಡೂ ಕಿಡ್ನಿಯ ತುಂಬ ನೀರುಗುಳ್ಳೆಗಳು. ಅವರ ತಾಯಿಯೂ ಕಿಡ್ನಿ ಕೆಟ್ಟೇ ತೀರಿಕೊಂಡದ್ದಂತೆ. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದೇವಬಾಗದಿಂದ ಬಂದ ಅವರ ನಾದಿನಿ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು: "ಜನ್ಮಪೂರ್ತಿ ಹಬೆ ಮುಂದೆ ಕೂತ್ರೆ ಇನ್ನೆಂತ ಆಗ್ತದೆ? ಉಷ್ಣ!" ನಮ್ಮ ಕಡೆ ಮೊಡವೆಯಿಂದ ಹಿಡಿದು ಮುಂಗೋಪದವರೆಗೆ ಎಲ್ಲಕ್ಕೂ ಉಷ್ಣವೇ ಕಾರಣ. ಓಣಿಯೆಲ್ಲ ತಲೆಯಾಡಿಸಿತು.

ಮಾವಶಿ ಮಾತ್ರ ತಲೆಯಾಡಿಸಲಿಲ್ಲ. ಬೇಲಿಯ ಹತ್ತಿರ ನನ್ನನ್ನು ಕರೆದು ಕೇಳಿದರು: "ತಂಗೀ, ನೀ ಸಾಯನ್ಸ್ ಕಲೀತೆ ಅಲ್ಲ? ಖರೆ ಹೇಳು, ಹಬೆಯಿಂದ್ಲೇ ಆದದ್ದಾ?"

ತುಂಬಿದ ಕೊಡ ತುಳುಕುವುದಿಲ್ಲ ಅಂತಾರೆ. ನಾನು ಅರ್ಧ ಕೊಡ. ಗೊತ್ತಿಲ್ಲ ಅನ್ನಲು ನಾಚಿಕೆಯಾಗಿ, "ಇರ್ಬಹುದು ಮಾವಶಿ. ಹಬೆ ತಾಗಿದ್ರೆ ಕೈಮೇಲೆ ಗುಳ್ಳೆ ಏಳೂದಿಲ್ವಾ, ಹಾಗೆ," ಅಂದೆ.

ಅಂದಿನಿಂದ ಅವರು ಹಬೆಪಾತ್ರೆ ಮುಟ್ಟಲಿಲ್ಲ. ಮಗಳನ್ನೂ ಒಲೆಯ ಹತ್ತಿರ ಸುಳಿಯಗೊಡಲಿಲ್ಲ. ಹಬ್ಬದ ದಿನ ಓಣಿಗೆಲ್ಲ ಪೇಟೆಯ ಇಡ್ಲಿ ಬಂತು. ಮಾವಶಿ ಜಗಲಿಯಲ್ಲಿ ಸುಮ್ಮನೆ ಕೂತಿದ್ದರು. ಕೆಲವು ವರ್ಷ ಹಾಗೇ ಕಳೆದವು, ಆಮೇಲೆ ಮಾವಶಿ ತೀರಿಕೊಂಡರು.

ಈಗ ನಾನು ಜೀವಶಾಸ್ತ್ರದ ಉಪನ್ಯಾಸಕಿ. ಕಳೆದ ತಿಂಗಳು ಅಧ್ಯಾಪಕರ ತರಬೇತಿಗೆಂದು ಹೋದಾಗ ಒಂದು ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಅಬ್ಬಾ! ಗಾಜಿನ ತಟ್ಟೆಯಲ್ಲಿ ಮೂತ್ರಪಿಂಡದ ನಾಳ ತನ್ನಷ್ಟಕ್ಕೆ ತಾನು ರೂಪುಗೊಳ್ಳುತ್ತಿತ್ತು! ದಿಕ್ಕಾಪಾಲಾಗಿದ್ದ ಜೀವಕೋಶಗಳು ಹತ್ತಿರ ಬಂದು ಒಂದನ್ನೊಂದು ಬಿಗಿಯಾಗಿ ಹಿಡಿಯುತ್ತವೆ. ಹಿಡಿಯುವ ಕೈಗಳು ಅವುಗಳ ಹೊರಮೈಯ ಪ್ರೋಟೀನುಗಳು. ಒಳಮೈ ಯಾವುದು, ಹೊರಮೈ ಯಾವುದು ಎಂದು ಪ್ರತಿ ಕೋಶಕ್ಕೂ ಗುರುತು ಮಾಡಿಕೊಡುವುದೂ ಅಂಥ ಪ್ರೋಟೀನುಗಳೇ. ಆಮೇಲೆ ನಡುವೆ ಒಂದು ಟೊಳ್ಳು ತೆರೆದುಕೊಂಡು ನಾಳವಾಗುತ್ತದೆ. ನಾನು ಖುಷಿಗೆ "ಅಯ್ಯೋ ನೋಡಿ, ನೋಡಿ!" ಎಂದು ಪಕ್ಕದವರ ತೋಳನ್ನೇ ಜಗ್ಗಿದೆ. ಅಲ್ಲಿನ ಸಂಶೋಧಕಿ ನಗುತ್ತ ಎರಡನೆಯ ತಟ್ಟೆ ತೋರಿಸಿದರು. ಅದರಲ್ಲಿ ಅಂಥ ಒಂದೇ ಒಂದು ಪ್ರೋಟೀನು ಕೆಟ್ಟಿತ್ತು. ನಾಳ ನಾಳವಾಗಿ ಉಳಿಯದೆ ಅಲ್ಲಲ್ಲಿ ಉಬ್ಬಿ ಗುಳ್ಳೆಯಾಗಿತ್ತು. ಈ ದೋಷ ತಾಯಿಯಿಂದಲೋ ತಂದೆಯಿಂದಲೋ ಮಕ್ಕಳಿಗೆ ಬರುತ್ತದೆ ಎಂದರು. ಇಷ್ಟು ವರ್ಷ ಪುಸ್ತಕದ ಎರಡು ಸಾಲು ಓದಿ ಪಾಠ ಮಾಡಿದ್ದ ನನಗೆ ಅಂದು ರಾತ್ರಿ ನಿದ್ದೆಯೇ ಹತ್ತಲಿಲ್ಲ.

ವಿಚಿತ್ರವೆಂದರೆ, ಆಗ ಮಾವಶಿ ನೆನಪಾಗಲೇ ಇಲ್ಲ. ಮೊನ್ನೆ ಖೊಟ್ಟೆಯ ಎಲೆ ಬಿಡಿಸುವಾಗ ಒಳಗಿನ ಮಿರುಗುವ ಮೈ ಕಂಡಿತು ನೋಡಿ, ಮಾವಶಿಯ ಕಾಯಿಲೆ, ಪ್ರಯೋಗಾಲಯದಲ್ಲಿ ಕಂಡ ನಾಳ, ಎರಡೂ ಒಮ್ಮೆಲೇ ಕೂಡಿಕೊಂಡವು. ಹಬೆಯಲ್ಲ! ಹಬೆ ಅಲ್ಲವೇ ಅಲ್ಲ! ತಟ್ಟೆ ಅಲ್ಲೇ ಬಿಟ್ಟು, ಅಮದಳ್ಳಿಯಲ್ಲಿರುವ ಮಾವಶಿಯ ಮಗಳಿಗೆ ಫೋನ್ ಹಚ್ಚಿದೆ.

"ಹಬೆಯಿಂದ ಆದದ್ದಲ್ಲ ಮಾರಾಯ್ತಿ! ಹುಟ್ಟುವಾಗ್ಲೇ ಬಂದದ್ದು, ನಿನ್ನ ಅಜ್ಜಿಯಿಂದ ಬಂದದ್ದು! ನೀನೂ ಒಂದ್ಸಲ ಸ್ಕ್ಯಾನ್ ಮಾಡಿಸ್ಕೊ..." ಉಸಿರು ಬಿಡದೆ ಹೇಳಿದೆ. ಕೋಶ, ನಾಳ, ಪ್ರೋಟೀನು, ಎಲ್ಲ.

"ಮಾಡ್ಸಿದ್ದೆ ಅಕ್ಕ. ನಂಗೆ ಎಂತದೂ ಇಲ್ಲ," ಅಂದಳು. ಎದೆ ಹಗುರಾಯಿತು.

"ಹಂಗಾರೆ ಅಕ್ಕ, ಆಯಿ ಖೊಟ್ಟೆ ಮಾಡೂದು ಬಿಟ್ಟದ್ದು ಸುಮ್ಸುಮ್ನೇನಾ?"

ಈ ಸಲ 'ಇರಬಹುದು' ಅನ್ನಲಿಲ್ಲ.

"ಹೌದು," ಅಂದೆ. "ನನ್ನ ಮಾತು ಕೇಳಿ ಬಿಟ್ಟದ್ದು."