ಒಂದೇ ಭಾನುವಾರ ಕಂಡ ದುರ್ಗ

ಮಧುಗಿರಿ ಬೆಟ್ಟದ ಬುಡದಲ್ಲಿ ನನ್ನದೊಂದು ತಟ್ಟೆ ಇಡ್ಲಿ ಅಂಗಡಿ. ಬೆಂಗಳೂರಿನವರು ಇಲ್ಲಿ ತಿಂದೇ ಬೆಟ್ಟ ಹತ್ತುತ್ತಿದ್ದರು, ಹತ್ತಿಸುತ್ತಿದ್ದವನು ಓಬಳರಾಜು. ಗೈಡ್ ಅಂತ ಅವನಿಗೆ ಯಾರೂ ಪಟ್ಟ ಕಟ್ಟಿರಲಿಲ್ಲ. ಆದರೆ ಜಾರು ಬಂಡೆಯ ಮೇಲೆ ಹೆದರಿ ಕೂತವರನ್ನು ನಗಿಸಿ ನಗಿಸಿಯೇ ಮೇಲಕ್ಕೆ ಒಯ್ಯುವ ಬಾಯಿ ಅವನದು. ತುದಿಯಲ್ಲಿ ನಿಂತು ಒಂದೊಂದೇ ಬೆಟ್ಟ ತೋರಿಸುತ್ತಾ, ಚನ್ನರಾಯನದುರ್ಗಕ್ಕೆ ಬಂದಾಗ ದನಿ ತಗ್ಗಿಸುತ್ತಿದ್ದ. "ಮೆಲ್ಲಗೆ ಮಾತಾಡಿ ಸಾರ್, ಅದ್ರ ಕೆಳಗೇ ನಮ್ಮತ್ತೆ ಮನೆ." ಇಳಿದು ಬಂದವರು ನನ್ನ ಅಂಗಡಿಯಲ್ಲಿ ಅದನ್ನೇ ಹೇಳಿಕೊಂಡು ನಗುತ್ತಿದ್ದರು.

ಆಮೇಲೆ ಊರಾಚೆ ಜಲ್ಲಿ ಕ್ರಷರ್ ಬಂತು. ತಟ್ಟೆ ತೊಳೆದಿಟ್ಟು ತಿರುಗುವಷ್ಟರಲ್ಲಿ ಅದರ ಮೇಲೆ ಬಿಳಿ ಧೂಳು. ತುದಿಗೆ ಹೋದವರು ಕೆಮ್ಮುತ್ತಾ ಇಳಿದು, ಮೇಲೆ ಏನೂ ಕಾಣಲ್ಲ ಎಂದು ಫೋನಿನಲ್ಲಿ ಬರೆದು ಹಾಕಿದರು. ನನ್ನ ಇಡ್ಲಿ ಹಿಟ್ಟು ದಿನಾ ಉಳಿಯತೊಡಗಿತು.

ಆ ಹೊತ್ತಿನಲ್ಲೇ ಚಾರಣದ ಕಂಪನಿಯ ಅಂಜನ್ ಕುಮಾರ್ ಎಂಬಾತ ಓಬಳರಾಜುವಿಗೆ ಫೋನ್ ಮಾಡಿದ. ಭಾನುವಾರ ಬಂದು ಬೆಟ್ಟ ನೋಡುತ್ತೇನೆ, ಹಿಡಿಸಿದರೆ ವಾರವಾರ ಗುಂಪು ಕಳಿಸುತ್ತೇನೆ, ನಿಮಗೆ ಸಂಬಳದ ಕೆಲಸ ಎಂದ. ಓಬಳರಾಜು ನೇರ ಕ್ರಷರ್ ಮೇಸ್ತ್ರಿ ಬೊಮ್ಮಣ್ಣನ ಹತ್ತಿರ ಹೋದ. ಸಂಬಂಧದಲ್ಲಿ ಅವನಿಗೆ ದೊಡ್ಡಪ್ಪ.

"ಶನಿವಾರ, ಭಾನುವಾರ ಮಿಷನ್ ನಿಲ್ಸು ದೊಡ್ಡಪ್ಪ. ನನ್ ಬದುಕೇ ಅದ್ರಲ್ಲೈತೆ."

"ಹುಡುಗ್ರ ಕೂಲಿ ಹೋಗ್ತೈತೆ ಕಣ್ಲಾ." ಬೊಮ್ಮಣ್ಣ ಮಿಷನ್ ಕಡೆ ಒಮ್ಮೆ ನೋಡಿದ. "ಆಯ್ತು, ಬೆಲ್ಟ್ ಕಿತ್ತೋಗೈತೆ ಅಂತ ಓನರಿಗೆ ಹೇಳ್ತೀನಿ. ಇದೊಂದ್ ಕಿತ ಅಷ್ಟೆ."

ಆ ಭಾನುವಾರ ಬೆಟ್ಟಗಳೆಲ್ಲ ತೊಳೆದಿಟ್ಟಂತೆ ಕಂಡವು. ತುದಿಯಲ್ಲಿ ಫೋಟೊ ತೆಗೆದುಕೊಂಡು ಅಂಜನ್ ಕುಮಾರ್ ಇಳಿದು ಬಂದವನೇ ಓಬಳರಾಜುವಿನ ಹೆಗಲು ತಟ್ಟಿ, "ಮುಂದಿನ ವಾರದಿಂದ ನೀವು ನಮ್ಮವರು" ಎಂದ. ಆವತ್ತು ನಾನು ಯಾರ ಹತ್ತಿರವೂ ಇಡ್ಲಿಗೆ ಕಾಸು ಕೇಳಲಿಲ್ಲ. ಅಷ್ಟು ಖುಷಿಯಾಗಿತ್ತು.

ಮುಂದಿನ ವಾರ ಗುಂಪು ಬಂದಾಗ ಕ್ರಷರ್ ಓಡುತ್ತಿತ್ತು. ತುದಿಯಲ್ಲಿ ಓಬಳರಾಜು ಬೆಳ್ಳನೆ ಧೂಳಿನ ಕಡೆ ಕೈ ಚಾಚಿ ಅತ್ತೆ ಮನೆ ಮಾತು ಹೇಳಿದನಂತೆ. ಯಾರೂ ನಗಲಿಲ್ಲವಂತೆ. ಒಬ್ಬಾಕೆಗೆ ಉಸಿರು ಕಟ್ಟಿ, ಹೊತ್ತು ಇಳಿಸಬೇಕಾಯಿತು. ಸುಳ್ಳು ಫೋಟೊ ತೋರಿಸಿ ಕರೆತಂದಿದ್ದೀರಿ ಎಂದು ಗುಂಪಿನವರು ಅಂಜನ್ ಕುಮಾರನ ಮೇಲೆ ರೇಗಿದರು, ಅವನು ಓಬಳರಾಜುವಿನ ಮೇಲೆ ರೇಗಿದ. ಆಮೇಲೆ ಓಬಳರಾಜು ಎಷ್ಟು ಸಲ ಮಾಡಿದರೂ ಆತ ಫೋನ್ ಎತ್ತಲಿಲ್ಲ.

ಮತ್ತೆ ದೊಡ್ಡಪ್ಪನ ಹತ್ತಿರ ಹೋದ. "ವಾರವಾರ ಬೆಲ್ಟ್ ಕಿತ್ತೋಗ್ತೈತೇನ್ಲಾ?" ಎಂದ ಬೊಮ್ಮಣ್ಣ. "ನಿನ್ನೊಬ್ಬನ ಹೊಟ್ಟೆಗೆ ಅಷ್ಟೂ ಜನದ ಹೊಟ್ಟೆ ಮೇಲೆ ಹೆಂಗ್ ಹೊಡೀಲಿ? ನೀನೇ ಬಂದ್ಬುಡು, ಕೆಲಸ ಕೊಡ್ತೀನಿ."

ಬೊಮ್ಮಣ್ಣನನ್ನು ಹಿಡಿದು ಉಗಿಯಬೇಕು ಅನ್ನಿಸಿತು. ಉಗಿಯುವ ಬಾಯಿ ನನಗೆಲ್ಲಿದೆ? ಈಗ ನನ್ನ ಅಂಗಡಿಯಲ್ಲಿ ತಿನ್ನುವವರೂ ಅವನ ಕೂಲಿಯವರೇ. ಓಬಳರಾಜು ಕ್ರಷರಿಗೆ ಸೇರಿಕೊಂಡ.

ಹೋದ ಭಾನುವಾರ ಹುಬ್ಬಿನವರೆಗೂ ಧೂಳು ಮೆತ್ತಿಕೊಂಡು ಬಂದು ಟೀ ಕುಡಿಯುತ್ತಾ ಕೂತಿದ್ದ. ಅಪರೂಪಕ್ಕೆ ಬಂದ ಒಂದು ಕಾರಿನಿಂದ ಹುಡುಗಿಯೊಬ್ಬಳು ಇಳಿದು, ಚನ್ನರಾಯನದುರ್ಗ ಇರುವ ದಿಕ್ಕಿಗೇ ಕೈ ತೋರಿಸಿ, "ಆ ಕಡೆ ಏನಿದೆ ಅಂಕಲ್?" ಎಂದು ಕೇಳಿದಳು. ಅತ್ತೆ ಮನೆ ಮಾತು ಈಗ ಬರುತ್ತದೆ ಎಂದು ನಾನು ತಟ್ಟೆ ಹಿಡಿದೇ ನಿಂತೆ. ಅವನು ಆ ಕಡೆ ತಿರುಗಿಯೂ ನೋಡಲಿಲ್ಲ.

"ಕ್ರಷರ್ ಐತೆ ಕಣಮ್ಮ" ಎಂದು ಲೋಟ ಇಟ್ಟು ಎದ್ದು ಹೋದ.