ಕುರ್ಚಿಗಳಿಗೆ ಪಾಠ ಹೇಳುವ ಜೂನ್

ಪ್ರತಿ ಏಪ್ರಿಲ್‌ನಲ್ಲಿ ನಮ್ಮ ಕನ್ನಡ ಕ್ಲಾಸಿಗೆ ಬೇಸಿಗೆ ರಜೆ ಕೊಡುತ್ತಿದ್ದರು. ಹೊರಗೆ ಮೂವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ನಮ್ಮೂರಿನ ಲೆಕ್ಕದಲ್ಲಿ ಮೂರೇ ಡಿಗ್ರಿ. ದೇವಸ್ಥಾನದ ಪಾರ್ಕಿಂಗ್ ಲಾಟಿನ ಮೂಲೆಯಲ್ಲಿ ಗುಡ್ಡೆ ಹಾಕಿದ್ದ ಹಿಮ ಕಪ್ಪಾಗಿ, ಕರಗಲೋ ಬೇಡವೋ ಎಂದು ಕೂತಿರುತ್ತಿತ್ತು. ಮಕ್ಕಳು ಜಾಕೆಟ್ಟಿನ ಜಿಪ್ಪನ್ನು ಗಂಟಲವರೆಗೆ ಎಳೆದುಕೊಂಡು, ‘ಬೇಸಿಗೇಲಿ ಚೆನ್ನಾಗಿ ಆಟ ಆಡಿ’ ಎಂಬ ಹಾರೈಕೆ ಕೇಳಿಸಿಕೊಂಡು ಮನೆಗೆ ಹೋಗುತ್ತಿದ್ದರು. ಇದರಲ್ಲಿ ನಗುವಂಥದ್ದು ಏನಾದರೂ ಇದೆ ಎಂದು ಅಲ್ಲಿ ಯಾರಿಗೂ ಅನ್ನಿಸಿದ್ದನ್ನು ನಾನು ಕಾಣೆ.

ಕ್ಲಾಸು ನಡೆಯುತ್ತಿದ್ದುದು ಅಮೆರಿಕದ ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಹೊರವಲಯದ ನಮ್ಮ ದೇವಸ್ಥಾನದ ಕೆಳಅಂತಸ್ತಿನಲ್ಲಿ, ಭಾನುವಾರ ಬೆಳಿಗ್ಗೆ. ಅದನ್ನು ಶುರು ಮಾಡಿದವರು ಮೈಸೂರು, ಬೆಂಗಳೂರಿನಿಂದ ಬಂದು ಡಿಯರ್‌ಬಾರ್ನ್‌ನ ಕಾರು ಕಂಪನಿಯಲ್ಲೋ ಆನ್ ಆರ್ಬರ್‌ನ ಆಸ್ಪತ್ರೆಯಲ್ಲೋ ಕೆಲಸಕ್ಕಿದ್ದ ಹಿರಿಯರು. ಅವರು ಪಠ್ಯಪುಸ್ತಕದ ಜೊತೆಗೆ ಊರಿನ ಶಾಲೆಯ ವರ್ಷವನ್ನೂ ಹಾಗೇ ಸೂಟ್‌ಕೇಸಿನಲ್ಲಿ ತಂದುಬಿಟ್ಟಿದ್ದರು. ಜೂನ್‌ನಲ್ಲಿ ಶಾಲೆ ಶುರು. ಅಕ್ಟೋಬರ್‌ನಲ್ಲಿ ದಸರಾ ರಜೆ. ಮಾರ್ಚ್‌ನಲ್ಲಿ ಪರೀಕ್ಷೆ. ಏಪ್ರಿಲ್, ಮೇ ಬೇಸಿಗೆ ರಜೆ.

ಆದರೆ ಇಲ್ಲಿಯ ಸ್ಕೂಲುಗಳಿಗೆ ರಜೆ ಬರುವುದೇ ಜೂನ್‌ನಲ್ಲಿ. ಸ್ಕೂಲು ಮುಚ್ಚಿದ ವಾರವೇ ಹೆಚ್ಚುಕಡಿಮೆ ಎಲ್ಲ ಮನೆಗಳೂ ಬೆಂಗಳೂರಿನ ವಿಮಾನ ಹತ್ತುತ್ತವೆ, ಸೆಪ್ಟೆಂಬರ್ ಹೊತ್ತಿಗೆ ಹಿಂದಿರುಗುತ್ತವೆ. ಅಂದರೆ ಮಕ್ಕಳೆಲ್ಲ ಇಲ್ಲೇ ಇರುವ ಏಪ್ರಿಲ್, ಮೇ ತಿಂಗಳಲ್ಲಿ ಕನ್ನಡ ಕ್ಲಾಸಿಗೆ ಬೀಗ. ಮಕ್ಕಳೇ ಇಲ್ಲದ ಜೂನ್, ಜುಲೈನಲ್ಲಿ ಬಾಗಿಲು ತೆರೆದು ಪಾಠ. ಸ್ವರಾಕ್ಷರ, ವ್ಯಂಜನ, ಕಾಗುಣಿತ ಎಲ್ಲ ಆಗಲೇ ಮುಗಿಯಬೇಕು. ಆಗಸ್ಟ್ ಕೊನೆಗೆ ಕಾಗುಣಿತದ ಪರೀಕ್ಷೆ. ಅದನ್ನು ಬರೆಯದವರು ಮರುವರ್ಷ ಮತ್ತೆ ಒಂದನೇ ಕ್ಲಾಸೇ.

ಆ ಪರೀಕ್ಷೆಗೆ ಕೂರುತ್ತಿದ್ದವರು ಯಾರು? ಊರಿಗೆ ಹೋದರೆ ವೀಸಾ ಸ್ಟಾಂಪಿಂಗ್ ಆಗದೆ ಅಲ್ಲೇ ಸಿಕ್ಕಿಬಿದ್ದೇವೆಂದು ಹೆದರಿ ಆ ವರ್ಷ ಪ್ರಯಾಣ ಬಿಟ್ಟವರ ಮಕ್ಕಳು. ಊರಿಗೆ ಹೋಗಿ ಅಜ್ಜಿಯ ಹತ್ತಿರ ಮೂರು ಹೊತ್ತೂ ಕನ್ನಡ ಮಾತಾಡಿದವರು ಫೇಲು, ಊರಿಗೆ ಹೋಗಲಾರದೆ ಇಲ್ಲೇ ಉಳಿದವರು ಪಾಸು. ಇಂಥ ಪದ್ಧತಿಯನ್ನು ಯಾರಾದರೂ ಬೇಕೆಂದೇ ಕೂತು ಯೋಚಿಸಿದರೂ ಕಟ್ಟಲಾರರು.

ನನಗೆ ಇದು ಬರೀ ತರ್ಕದ ಮಾತಾಗಿದ್ದರೆ ಒಂದು ವ್ಯಂಗ್ಯ ಆಡಿ ಬಿಟ್ಟುಬಿಡುತ್ತಿದ್ದೆ. ನಾನು ಐದನೇ ಕ್ಲಾಸಿನವರೆಗೆ ಮೈಸೂರಿನಲ್ಲೇ ಓದಿದವಳು. ನನ್ನ ಕನ್ನಡಕ್ಕೆ ಅಪಾಯವಿರಲಿಲ್ಲ. ಅಪಾಯವಿದ್ದುದು ಇಲ್ಲೇ ಹುಟ್ಟಿದ ನನ್ನ ತಂಗಿಗೆ. ಒಂಬತ್ತು ವರ್ಷ, ವಯಸ್ಸಿಗೆ ಮೀರಿದ ಎತ್ತರ, ಪ್ರತಿ ಜೂನ್‌ನಲ್ಲಿ ಮೈಸೂರಿಗೆ ಹೋಗಿ ಪರೀಕ್ಷೆ ತಪ್ಪಿ ಎರಡು ವರ್ಷದಿಂದ ಒಂದನೇ ಕ್ಲಾಸು. ಐದು ವರ್ಷದ ಮಕ್ಕಳಿಗೆಂದು ತಂದ ಪುಟ್ಟ ಕುರ್ಚಿಯಲ್ಲಿ ಮಂಡಿ ಎದೆಗೆ ತಾಗುವಂತೆ ಕೂರುತ್ತಿದ್ದಳು. ಆ ಚಳಿಗಾಲದಲ್ಲಿ ಕಾರಿನಲ್ಲಿ ಮನೆಗೆ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು: “ಅಕ್ಕ, ದಿಸ್ ಇಸ್ ಫಾರ್ ಬೇಬೀಸ್. ಇನ್ನೊಂದ್ಸಲ ಅದೇ ಕ್ಲಾಸಾದ್ರೆ ಐ ಆಮ್ ಡನ್.”

ಅಮ್ಮ ಅವಳನ್ನು ಬೈಯಲಿಲ್ಲ. ಮನೆಗೆ ಬಂದ ಮೇಲೆ ನನಗೆ ಮಾತ್ರ ಕೇಳುವಂತೆ ಅಂದಳು: “ಅವಳು ಹೇಳೋದ್ರಲ್ಲೂ ನ್ಯಾಯ ಇದೆ ಕಣೆ. ಜೂನ್‌ನಲ್ಲಿ ಮತ್ತೆ ಒಂದನೇ ಕ್ಲಾಸಾದ್ರೆ ಬಿಡಿಸ್ಬಿಡ್ತೀನಿ. ಇವಳು ಇನ್ನು ಕನ್ನಡ ಓದಲ್ಲ ಅಂತ ಅಜ್ಜಿಗೆ ನೀನೇ ಹೇಳು.”

ಹಾಗಾಗಿ ಫೆಬ್ರವರಿಯ ಕಮಿಟಿ ಮೀಟಿಂಗಿಗೆ ನಾನು ಹೋದೆ. ಕ್ಲಾಸು ಸೆಪ್ಟೆಂಬರ್‌ನಿಂದ ಮೇವರೆಗೆ ನಡೆಯಲಿ, ಪರೀಕ್ಷೆ ಮೇ ಕೊನೆಗೆ ಇರಲಿ ಎಂದು ಪ್ರಸ್ತಾಪ ಇಟ್ಟೆ. ನಾನು ಆನ್ ಆರ್ಬರ್‌ನಲ್ಲಿ ಓದುತ್ತಿದ್ದೆ, ಕಾಲೇಜಿನ ಡಿಬೇಟ್ ತಂಡದಲ್ಲಿದ್ದೆ. ಎರಡೂ ಪಕ್ಷದಿಂದ ವಾದಿಸಿ ಪಳಗಿದ ಬಾಯಿ. ಸ್ಪಷ್ಟವಾಗಿ, ಬಿಡಿಸಿ ಬಿಡಿಸಿ ಹೇಳಿದೆ. ಚಪ್ಪಾಳೆ ಬಿತ್ತು. ಆಮೇಲೆ ಅಧ್ಯಕ್ಷ ಅಂಕಲ್ ಎದ್ದರು. ಡಿಯರ್‌ಬಾರ್ನ್‌ನಲ್ಲಿ ಇಂಜಿನಿಯರಾಗಿ ರಿಟೈರಾದವರು, ಕ್ಲಾಸನ್ನು ಮೊದಲಿನಿಂದ ಕಟ್ಟಿದವರು.

“ಚೆನ್ನಾಗಿ ಮಾತಾಡ್ತೀಯಮ್ಮ. ಲಾಯರ್ ಆಗು. ಆದ್ರೆ ಒಂದ್ಮಾತು. ಸೋಮವಾರದಿಂದ ಶುಕ್ರವಾರದ ತನಕ ನಮ್ಮ ಮಕ್ಕಳು ಅಮೆರಿಕದೋರ ಕ್ಯಾಲೆಂಡರ್‌ನಲ್ಲೇ ಬದುಕ್ತಾರೆ. ಭಾನುವಾರ ಎರಡೇ ಎರಡು ಗಂಟೆ ನಮ್ಮೂರಿನ ಕ್ಯಾಲೆಂಡರ್ ಇರ್ಲಿ ಬಿಡು. ಅಲ್ಲಿ ನಮ್ಮಕ್ಕನ ಮೊಮ್ಮಕ್ಕಳು ಸ್ಲೇಟು ಹಿಡಿಯೋ ದಿನಾನೇ ಇಲ್ಲಿ ನಮ್ಮ ಮಕ್ಕಳೂ ಹಿಡೀಲಿ.”

ಕೋಣೆಯಲ್ಲಿ ಒಂದು ಥರದ ನಿಟ್ಟುಸಿರು ಹರಿದಾಡಿತು. ಕೈ ಎತ್ತಿಸಿದಾಗ ನನ್ನ ಕಡೆ ಇದ್ದದ್ದು ಅಮ್ಮ ಒಬ್ಬಳೇ. ಚಪ್ಪಾಳೆ ತಟ್ಟಿದವರೆಲ್ಲ ಅಂಕಲ್ ಕಡೆ.

ಅದು ಮುಗಿದ ಕೆಲವು ವಾರಕ್ಕೆ ಶಿಕಾಗೋದಲ್ಲಿ ಡಿಬೇಟ್ ಪಂದ್ಯಾವಳಿ. ಬೋಲಿಂಗ್‌ಬ್ರೂಕ್‌ನ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಬೆಳಿಗ್ಗೆ ಉಪ್ಪಿಟ್ಟು ತಿಂದು, ನಗರದೊಳಕ್ಕೆ ಡ್ರೈವ್ ಮಾಡಿದೆ. ಸೆಮಿಫೈನಲ್‌ನ ವಿಷಯ ಬೋರ್ಡಿನ ಮೇಲೆ ಬಂದಾಗ ಒಂದು ಕ್ಷಣ ಯಾರೋ ನನ್ನ ಕಾಲೆಳೆಯುತ್ತಿದ್ದಾರೆ ಅನ್ನಿಸಿತು: ಥಾಯ್‌ಲೆಂಡಿನ ವಿಶ್ವವಿದ್ಯಾಲಯಗಳು ತಮ್ಮ ಹಳೆಯ ಶೈಕ್ಷಣಿಕ ವರ್ಷಕ್ಕೆ ಮರಳಬೇಕೆ?

ಸಂಗತಿ ಇಷ್ಟು. ಅಲ್ಲಿಯ ಶಾಲೆಗಳು ಮೇ ತಿಂಗಳಲ್ಲಿ ಶುರುವಾಗಿ ಮಾರ್ಚ್‌ನಲ್ಲಿ ಮುಗಿಯುತ್ತವೆ. ಏಪ್ರಿಲ್ ಸುಡುವ ತಿಂಗಳು, ಅವರ ಹೊಸ ವರ್ಷದ ನೀರಾಟದ ತಿಂಗಳು. ವಿಶ್ವವಿದ್ಯಾಲಯಗಳೂ ಮೊದಲು ಜೂನ್‌ನಲ್ಲಿ ಶುರುವಾಗುತ್ತಿದ್ದವು. ಆಮೇಲೆ ನೆರೆಯ ದೇಶಗಳ, ಹೊರಜಗತ್ತಿನ ಜೊತೆ ಹೊಂದಿಕೆಯಾಗಲೆಂದು ಹಲವು ವಿಶ್ವವಿದ್ಯಾಲಯಗಳು ಆಗಸ್ಟ್‌ಗೆ ಸರಿದವು. ಶಾಲೆಗಳು ಇದ್ದಲ್ಲೇ ಇದ್ದವು. ಒಂದೇ ದೇಶದಲ್ಲಿ ಎರಡು ವರ್ಷ. ಕೆಲವು ವಿಶ್ವವಿದ್ಯಾಲಯಗಳು ಹಿಂದಿರುಗಿವೆ, ಉಳಿದವು ಹಿಂದಿರುಗಬೇಕೋ ಬೇಡವೋ ಎಂಬ ವಾದ ನಿಂತಿಲ್ಲ.

ನಾಣ್ಯ ಚಿಮ್ಮಿದರು. ನನ್ನ ಪಾಲಿಗೆ ಬಂದದ್ದು ‘ಮರಳಬಾರದು’ ಎಂಬ ಪಕ್ಷ. ಸುಲಭ ಅನ್ನಿಸಿತು. ಹೊರದೇಶದ ವಿದ್ಯಾರ್ಥಿಗಳು ಬರಲು ಅನುಕೂಲ, ಅಲ್ಲಿಯವರು ಹೊರಗೆ ಹೋಗಲು ಅನುಕೂಲ, ಜಗತ್ತಿನ ಹೆಜ್ಜೆಗೆ ಹೆಜ್ಜೆ. ನಿರರ್ಗಳವಾಗಿ ಹೇಳಿ ಕೂತೆ.

ಎದುರಿಗಿದ್ದವಳು ಶಿಕಾಗೋದ ಒಂದು ಕಾಲೇಜಿನಲ್ಲಿ ಓದುತ್ತಿದ್ದ ಥಾಯ್ ಹುಡುಗಿ. ನನ್ನಷ್ಟೇ ವಯಸ್ಸು, ನನಗಿಂತ ಗಿಡ್ಡ, ದನಿಯೂ ಸಣ್ಣದು. ಅವಳು ಭಾಷಣ ಮಾಡಲಿಲ್ಲ. ಪ್ರಶ್ನೆ ಕೇಳಿದಳು.

“ನನ್ನ ಅಕ್ಕ ಟೀಚರ್ ಆಗೋಕೆ ಓದ್ತಿದ್ದಾಳೆ. ಶಾಲೇಲಿ ನಿಂತು ಪಾಠ ಮಾಡಿ ಕಲೀಬೇಕು. ಮೇನಲ್ಲಿ ಶಾಲೆ ತೆರೆಯುವಾಗ ಅವಳಿಗೆ ಪರೀಕ್ಷೆ. ಅವಳಿಗೆ ರಜೆ ಬರೋ ಹೊತ್ತಿಗೆ ಶಾಲೇಲಿ ಪಾಠ ಅರ್ಧ ದಾರಿಗೆ ಬಂದಿರುತ್ತೆ. ಶಾಲೆಯ ಒಂದು ಅವಧಿ ಪೂರ್ತಿ ಅವಳು ಯಾವಾಗ ಕಲಿಸಬೇಕು?”

ನಾನು ಹೊಂದಾಣಿಕೆ ಮಾಡಿಕೊಳ್ಳಬಹುದು ಎಂಬಂಥದ್ದೇನೋ ಅಂದೆ.

“ಯಾರು ಮಾಡ್ಕೋಬೇಕು? ಹೊರಗೆ ಹೋಗೋ ಕೆಲವರಿಗೋಸ್ಕರ ಒಳಗಿರೋ ಎಲ್ಲರೂ?” ಎಂದಳು. ಆಮೇಲೆ ತೀರ್ಪುಗಾರರ ಕಡೆ ತಿರುಗಿ ಹೇಳಿದಳು: “ನಮ್ಮ ಹಳೇ ಕ್ಯಾಲೆಂಡರ್ ಮಾಡಿದವರು ದಡ್ಡರಲ್ಲ. ಅವರು ಕಿಟಕಿಯಿಂದ ಹೊರಗೆ ನೋಡಿದರು. ಏಪ್ರಿಲ್‌ನಲ್ಲಿ ಬಿಸಿಲಿತ್ತು. ಅಷ್ಟೇ.”

ಅವಳು ಗೆದ್ದಳು. ಸೋತಾಗ ಸಾಮಾನ್ಯವಾಗಿ ನಾನು ತೀರ್ಪುಗಾರರನ್ನು ಬೈದುಕೊಳ್ಳುತ್ತೇನೆ. ಅಂದು ಬೈಯಲು ಪುರುಸೊತ್ತೇ ಇರಲಿಲ್ಲ. ತಲೆಯಲ್ಲಿ ಬೇರೆಯೇ ದೀಪ ಹತ್ತಿತ್ತು. ದೂರದ ಊರಿನ ಜೊತೆ ಹೆಜ್ಜೆ ಹಾಕಬೇಕೆಂದು ಇರುವ ಊರಿನ ಮಕ್ಕಳನ್ನು ಮರೆತವಳು ಆ ಕೋಣೆಯಲ್ಲಿ ನಾನೇ. ಅಂದರೆ ನಾನು ಅಧ್ಯಕ್ಷ ಅಂಕಲ್ ಆಗಿ ವಾದಿಸಿ ಸೋತಿದ್ದೆ. ಇದಕ್ಕಿಂತ ಒಳ್ಳೆಯ ಸೋಲು ನನಗೆ ಯಾವತ್ತೂ ಸಿಕ್ಕಿಲ್ಲ.

ಕಾರಿಡಾರಿನಲ್ಲಿ ಅವಳನ್ನು ಹಿಡಿದು ನಮ್ಮ ಕನ್ನಡ ಕ್ಲಾಸಿನ ಕಥೆ ಹೇಳಿದೆ. ಅವಳು ಗೋಡೆಗೆ ಒರಗಿ ನಕ್ಕಳು. “ಏಪ್ರಿಲ್‌ನಲ್ಲಿ ಮಿಶಿಗನ್ನಿನ ಬಿಸಿಲಿಗೆ ಹೆದರಿ ರಜೆಯಾ? ನಾವೇ ವಾಸಿ!” ಕಣ್ಣೊರೆಸಿಕೊಂಡು ಸೇರಿಸಿದಳು: “ನೀನು ಚೆನ್ನಾಗಿ ಮಾತಾಡ್ತೀಯ. ಅದೇ ನಿನ್ನ ತೊಂದರೆ. ಭಾಷಣ ಬಿಡು. ಕೇಳು.”

ಯುಗಾದಿ ಬಂತು. ನಮ್ಮಲ್ಲಿ ಯುಗಾದಿಯನ್ನು ಅದು ಬಿದ್ದ ದಿನ ಮಾಡುವುದಿಲ್ಲ, ಆಮೇಲಿನ ಭಾನುವಾರ ಹಾಲ್ ಸಿಕ್ಕಾಗ ಮಾಡುತ್ತೇವೆ. ಒಬ್ಬಟ್ಟಿನ ಊಟದ ನಂತರ ಸರ್ವಸದಸ್ಯರ ಸಭೆ. ಅರ್ಧ ಜನ ತೂಕಡಿಸುತ್ತಿದ್ದರು. ನಾನು ಎದ್ದು ನಿಂತಾಗ ಅಧ್ಯಕ್ಷ ಅಂಕಲ್ ನಕ್ಕರು.

“ಬಂದ್ಲಪ್ಪ ಲಾಯರಮ್ಮ! ಸೋತ ಕೇಸು ಕಣಮ್ಮ ಅದು.”

“ಭಾಷಣ ಇಲ್ಲ ಅಂಕಲ್. ನಾಲ್ಕು ಪ್ರಶ್ನೆ ಕೇಳ್ತೀನಿ. ಜೂನ್ ಮೊದಲನೇ ಭಾನುವಾರ ಕ್ಲಾಸಿನ ಪ್ರಾರಂಭೋತ್ಸವ. ನೀವು ದೀಪ ಹಚ್ತೀರಲ್ವಾ?”

ಅಂಕಲ್ ಪಕ್ಕದಲ್ಲಿದ್ದ ಆಂಟಿಯ ಮುಖ ನೋಡಿದರು. ಉತ್ತರ ಕೊಟ್ಟದ್ದು ಆಂಟಿಯೇ: “ಎಲ್ಲಿ ಹಚ್ತಾರೆ, ಆವತ್ತು ನಾವು ಮೈಸೂರಲ್ಲಿರ್ತೀವಿ. ಟಿಕೆಟ್ ಬುಕ್ ಆಗಿದೆ.”

ತೂಕಡಿಸುತ್ತಿದ್ದವರು ಎಚ್ಚರಾದರು. ಹಿಂದಿನ ಸಾಲಿನಿಂದ ಹುಬ್ಬಳ್ಳಿ ಕಡೆಯ ಅಂಕಲ್ ಒಬ್ಬರು ಕೂಗಿದರು: “ದೀಪ ವಾಟ್ಸಾಪ್‌ನ್ಯಾಗ ಕಳಿಸ್ತಾರಂತ ಬಿಡ್ರಿ!”

ನಗು ಅಡಗುವವರೆಗೆ ಕಾದೆ. “ಅಂಕಲ್, ನಮ್ಮೂರಲ್ಲಿ ಏಪ್ರಿಲ್, ಮೇ ರಜೆ ಯಾಕೆ ಕೊಡ್ತಾರೆ?”

“ಇದೆಂಥ ಪ್ರಶ್ನೆ? ಬಿಸಿಲು. ಮಕ್ಕಳು ಬೆಂದುಹೋಗ್ತಾರೆ. ಜೂನ್ ಹೊತ್ತಿಗೆ ಮಳೆ ಬಂದು ತಂಪಾಗುತ್ತೆ, ಶಾಲೆ ತೆಗೀತಾರೆ.”

“ಅಂದ್ರೆ ಹೊರಗೆ ನೋಡಿ ತೀರ್ಮಾನ ಮಾಡಿದ್ರು.”

“ಮತ್ತೆ? ಒಳಗೆ ನೋಡಿ ಮಾಡ್ತಾರಾ?”

“ಹಾಗಾದ್ರೆ ಇವತ್ತು ಒಂದ್ಸಲ ಹೊರಗೆ ನೋಡಿ ಅಂಕಲ್.”

ಹಾಲಿನ ಉದ್ದದ ಕಿಟಕಿಗಳ ಆಚೆ ಹಿಮ ಸಣ್ಣಗೆ ಉದುರುತ್ತಿತ್ತು. ಇದನ್ನು ನಾನು ಏರ್ಪಡಿಸಿರಲಿಲ್ಲ. ಮಿಶಿಗನ್ ತಾನಾಗಿ ನನ್ನ ಪಕ್ಷ ವಹಿಸಿತ್ತು.

“ನೀವು ಹೇಳಿದ್ದು ಸರಿ,” ಎಂದೆ. “ನಮ್ಮೂರಿನ ಪದ್ಧತಿ ಬಿಡಬಾರದು. ಆದ್ರೆ ನಮ್ಮೂರಿನ ಪದ್ಧತಿ ಜೂನ್ ಅಲ್ಲ. ಹೊರಗೆ ನೋಡೋದು. ನಾವು ತಿಂಗಳು ಇಟ್ಕೊಂಡು ಪದ್ಧತೀನ ಬಿಟ್ಟಿದೀವಿ.”

ಅಂಕಲ್ ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. ತಕ್ಷಣ ತಿರುಗೇಟು ಕೊಟ್ಟರು: “ಸರಿ ಕಣಮ್ಮ, ಒಪ್ಪಿದೆ ಅಂತಿಟ್ಕೋ. ಜೂನ್, ಜುಲೈ, ಆಗಸ್ಟ್ ಪಾಠ ಇಲ್ಲ ಅಂದ್ರೆ ಮಕ್ಕಳು ಕಲಿತಿದ್ದೆಲ್ಲ ಮರೆತುಬಿಡಲ್ವಾ? ಆಗ ಯಾರು ಕಲಿಸ್ತಾರೆ?”

ಒಳ್ಳೆಯ ಪ್ರಶ್ನೆ. ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಎದ್ದವರು ಟೀಚರ್ ಆಂಟಿ. ಮೈಸೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ, ಮಗನ ಜೊತೆ ಇಲ್ಲಿಗೆ ಬಂದ ಮೇಲೆ ನಮ್ಮ ಒಂದನೇ ಕ್ಲಾಸನ್ನು ಮೊದಲಿನಿಂದ ನಡೆಸುತ್ತಿದ್ದವರು. ಸಭೆಗಳಲ್ಲಿ ಅವರು ಬಾಯಿ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಜೂನ್ ಎಂದರೆ ಅವರಿಗೆ ಪ್ರಾಣ, ಬದಲಾವಣೆಗೆ ಮೊದಲು ಅಡ್ಡ ಬರುವವರೇ ಅವರು ಎಂದು ನಾನು ಎಣಿಸಿದ್ದೆ.

“ಅವರವರ ಅಜ್ಜಿಯರು ಕಲಿಸ್ತಾರೆ,” ಎಂದರು. “ನನಗಿಂತ ಚೆನ್ನಾಗೇ ಕಲಿಸ್ತಾರೆ. ಪ್ರತಿ ವರ್ಷ ನೋಡ್ತೀನಲ್ಲ, ಸೆಪ್ಟೆಂಬರ್‌ನಲ್ಲಿ ಬಾಯಿ ತುಂಬ ಕನ್ನಡ ತುಂಬ್ಕೊಂಡು ಬರ್ತಾವೆ. ಬಂದ ತಕ್ಷಣ ನಾನೇನು ಹೇಳ್ಬೇಕು? ‘ನೀನು ಫೇಲಮ್ಮ’ ಅಂತ. ನಾಚಿಕೆ ಆಗುತ್ತೆ ನನಗೆ.” ಅಂಕಲ್ ಕಡೆ ತಿರುಗಿದರು. “ಜೂನ್‌ನಲ್ಲಿ ನೀವ್ಯಾರೂ ಇಲ್ಲಿರಲ್ಲ. ನಾನಿರ್ತೀನಿ. ಬೋರ್ಡ್ ಮೇಲೆ ಅ, ಆ ಬರೀತೀನಿ, ತಿರುಗಿ ನೋಡಿದ್ರೆ ಎರಡು ಮಕ್ಕಳು, ಮಿಕ್ಕಿದ್ದೆಲ್ಲ ಕುರ್ಚಿ. ಇಷ್ಟು ವರ್ಷ ಕುರ್ಚಿಗಳಿಗೆ ಕಾಗುಣಿತ ಹೇಳ್ಕೊಟ್ಟಿದೀನಿ. ಅವು ಕಲೀಲಿಲ್ಲ.”

“ಖರೆ ಅದ ನೋಡ್ರಿ,” ಎಂದಿತು ಹಿಂದಿನ ಸಾಲು. ಈ ಸಲ ಯಾರೂ ನಗಲಿಲ್ಲ.

“ಮುಂಚೇನೇ ಯಾಕೆ ಹೇಳ್ಲಿಲ್ಲಮ್ಮ ನೀವು?” ಅಂಕಲ್ ದನಿ ಇಳಿದಿತ್ತು.

“ನೀವು ಯಾವತ್ತು ಕೇಳಿದ್ರಿ?”

ಕೈ ಎತ್ತುವ ಹೊತ್ತು ಬಂತು. ನಾನು ಎಣಿಸಲಿಲ್ಲ, ಎಣಿಸುವ ಅಗತ್ಯವಿರಲಿಲ್ಲ. ಅಂಕಲ್ ಮೇಲೆತ್ತಿದ ಕೈಗಳ ಕಾಡನ್ನು ಒಮ್ಮೆ ನೋಡಿದರು, ಕಿಟಕಿಯ ಕಡೆ ನೋಡಿದರು, ಆಮೇಲೆ ತಮ್ಮ ಕೈಯನ್ನೂ ಎತ್ತಿದರು. “ಬರ್ಕೊಳಿ, ಸರ್ವಾನುಮತ. ಲಾಯರಮ್ಮ, ನಾಳೆಯಿಂದ ನಿನಗೆ ರಜೆ ಇಲ್ಲ. ಏಪ್ರಿಲ್, ಮೇ ಕಾಗುಣಿತ ಕ್ಲಾಸು ನೀನೂ ಟೀಚರಮ್ಮನ ಜೊತೆ ನಿಂತು ಮಾಡ್ಸು. ವಾದ ಮಾಡಿದ್ದು ಸಾಲ್ದು.”

ಅಂದು ಕಾರಿಗೆ ಹೋಗುವಾಗ ಆ ಕೊಳಕು ಹಿಮದ ಗುಡ್ಡೆಗೆ ನಾನು ಕೈ ಮುಗಿದೆ. ಅಮ್ಮ “ಹುಚ್ಚು” ಅಂದಳು. ಶಿಕಾಗೋದ ಗೆಳತಿಗೆ ಮೆಸೇಜ್ ಕಳಿಸಿದೆ: ನಿನ್ನ ವಾದ ಕದ್ದೆ, ಗೆದ್ದೆ. ಉತ್ತರ ತಕ್ಷಣ ಬಂತು: ಸರಿ, ಈಗ ಅದನ್ನೇ ತಗೊಂಡು ನನ್ನ ದೇಶಕ್ಕೆ ಬಂದು ವಾದ ಮಾಡು, ಅಲ್ಲಿ ಇನ್ನೂ ಮುಗಿದಿಲ್ಲ.

ಏಪ್ರಿಲ್‌ನಲ್ಲಿ ಮೊದಲ ಬಾರಿಗೆ ಕಾಗುಣಿತದ ಕ್ಲಾಸು ತುಂಬಿತು. ಹಿಂದಿನ ಉಗ್ರಾಣದಿಂದ ಮಡಚುವ ಕುರ್ಚಿ ತರಿಸಬೇಕಾಯಿತು. ಟೀಚರ್ ಆಂಟಿ ಬೋರ್ಡಿನಿಂದ ತಿರುಗಿ ಮಕ್ಕಳನ್ನು ನೋಡುವಾಗಲೆಲ್ಲ ಒಮ್ಮೆ ತಲೆಗಳನ್ನು ಎಣಿಸಿಕೊಳ್ಳುತ್ತಿದ್ದರು. ತಂಗಿ ಕ, ಕಾ, ಕಿ, ಕೀ ಎಂದು ಕಾರಿನಲ್ಲಿ, ಬಾತ್‌ರೂಮಿನಲ್ಲಿ, ಸಿರಿಯಲ್ ಬಟ್ಟಲಿನ ಮುಂದೆ ಹಾಡಿಕೊಂಡಳು. ಮೇ ಕೊನೆಯಲ್ಲಿ ಪರೀಕ್ಷೆ ಬರೆದಳು, ಪಾಸಾದಳು. ಜೂನ್‌ನಲ್ಲಿ ಮೈಸೂರಿಗೆ ಹೋಗಿ ಅಜ್ಜಿಗೆ ಅಂಗಡಿಯ ಬೋರ್ಡುಗಳನ್ನೆಲ್ಲ ಓದಿ ಹೇಳಿ ತಲೆ ತಿಂದಳಂತೆ.

ಸೆಪ್ಟೆಂಬರ್‌ನ ಮೊದಲ ಕ್ಲಾಸಿನ ದಿನ ಅಧ್ಯಕ್ಷ ಅಂಕಲ್ ತಾವೇ ದೀಪ ಹಚ್ಚಿದರು. ಹೊರಗೆ ಎಪ್ಪತ್ತು ಡಿಗ್ರಿ, ಎಳೆ ಬಿಸಿಲು. ತಂಗಿ ಬ್ಯಾಗು ಹೆಗಲಿಗೇರಿಸಿ ಒಂದನೇ ಕ್ಲಾಸಿನ ಬಾಗಿಲನ್ನು ದಾಟಿ ಮುಂದೆ ಹೋದಳು. ಒಳಗಿನ ಪುಟ್ಟ ಕುರ್ಚಿಗಳ ಕಡೆ ತಿರುಗಿಯೂ ನೋಡಲಿಲ್ಲ. ಎರಡನೇ ಕ್ಲಾಸಿನ ಕೋಣೆಯಲ್ಲಿ ದೊಡ್ಡವರ ಕುರ್ಚಿ. ಕೂತು, ಕಾಲು ಚಾಚಿ, ಮಂಡಿಗೆ ಜಾಗ ಸಿಕ್ಕಿತೇ ಎಂದು ಒಮ್ಮೆ ನೋಡಿಕೊಂಡಳು.

ನಾನು ಬಾಗಿಲಲ್ಲೇ ನಿಂತಿದ್ದೆ. ಅವಳು ಪುಸ್ತಕದಿಂದ ತಲೆ ಎತ್ತದೆ ಅಂದಳು: “ಅಕ್ಕ, ಯು ಕ್ಯಾನ್ ಗೋ ನೌ.”